ಎಂಜಿನ್ ಕೆಟ್ಟ ದೋಣಿ ಅಗ್ಗಕ್ಕೆ ಸಿಕ್ಕರೆ

ಏಪ್ರಿಲ್ ಮುಗಿಯುತ್ತಿದ್ದಂತೆ ಮಿಷಿಗನ್ನಿನ ಮನೆಗಳ ಮುಂದೆ ಟ್ರೇಲರ್ ಮೇಲೆ ಕೂತ ಹಳೇ ದೋಣಿಗಳು ಕಾಣತೊಡಗುತ್ತವೆ. ಮುಂದಿನ ಗಾಜಿಗೆ ಮಾರಾಟದ ಚೀಟಿ ಅಂಟಿಸಿರುತ್ತಾರೆ. ಬೆಲೆ ನೋಡಿದರೆ ಹಳೇ ಕಾರಿಗಿಂತ ಕಡಿಮೆ. ವಿಚಾರಿಸಿದಾಗ ಮಾತ್ರ ಗೊತ್ತಾಗುತ್ತದೆ, ಎಂಜಿನ್‌ಗೆ 'ಸ್ವಲ್ಪ ಕೆಲಸ' ಇದೆ ಅಂತ. ಹೊಸದಾಗಿ ಬಂದ ಕುಟುಂಬಗಳು ಬೇಸಿಗೆ ಹತ್ತಿರವಾದಂತೆ ಇಲ್ಲಿನ ನಮ್ಮ ಕಡೆಯವರ ಕೂಟವನ್ನು ಕೇಳುವುದು ಈ 'ಸ್ವಲ್ಪ ಕೆಲಸ'ದ ಬಗ್ಗೆಯೇ: ತಗೊಳ್ಳೋಣವಾ, ಬೇಡವಾ?

ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಾನು ನರಸಾಪುರದವನು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಕೋಲಾರ ಜಿಲ್ಲೆಯಲ್ಲಿ ಬದುಕೆಲ್ಲ ಕೆರೆ ಮತ್ತು ಕೊಳವೆಬಾವಿಯ ಮೇಲೆ. 2018ರಲ್ಲಿ ಬೆಂಗಳೂರಿನ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರ ಕೆರೆಗೆ ಬಿದ್ದು, ಕೆರೆಯಿಂದ ಕೆರೆಗೆ ಇಳಿದು ನರಸಾಪುರದ ಕೆರೆಗೂ ಬಂದಾಗ ಊರವರು ಏರಿಯ ಮೇಲೆ ನಿಂತು ನೋಡಿದ್ದರು. ಅಂಥ ಕಡೆಯಿಂದ ಬಂದವರು ಹನ್ನೊಂದು ಸಾವಿರಕ್ಕೂ ಹೆಚ್ಚು ಕೆರೆಗಳಿರುವ ಈ ರಾಜ್ಯದಲ್ಲಿ, ಆಚೆ ದಡ ಕಾಣದ ಸೇಂಟ್ ಕ್ಲೇರ್ ಸರೋವರದ ಮುಂದೆ ಮಕ್ಕಳ ಜೊತೆ ನಿಂತಾಗ ನಮಗೂ ಒಂದು ದೋಣಿ ಇದ್ದಿದ್ದರೆ ಅನ್ನಿಸದೆ ಇರುವುದಿಲ್ಲ.

ನಮ್ಮ ಕಡೆಯವರಿಗೆ ಎಂಜಿನ್ ಅಂದರೆ ಹೆದರಿಕೆಯೂ ಇಲ್ಲ. ಹೋಂಡಾ ಕಂಪನಿ 2013ರಲ್ಲಿ ನರಸಾಪುರದಲ್ಲಿ ಕಾರ್ಖಾನೆ ತೆರೆದ ಮೇಲೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಹುಡುಗರು ಸ್ಕೂಟರ್ ಎಂಜಿನ್ನಿನ ಒಳಹೊರಗು ಕಲಿತಿದ್ದಾರೆ. ಅದೇ ಹೋಂಡಾ 1964ರಿಂದಲೇ ದೋಣಿಯ ಹಿಂಬದಿಗೆ ಕಟ್ಟುವ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ ಮಾಡುತ್ತಿದೆ. ಹಾಗಾಗಿ 'ಎಂಜಿನ್ ತಾನೆ, ಬಿಚ್ಚಿ ನೋಡಿದರಾಯಿತು' ಅನ್ನುವ ಧೈರ್ಯ ಬರುತ್ತದೆ. ನನ್ನ ಆತಂಕ ಶುರುವಾಗುವುದು ಇಲ್ಲೇ. ಸ್ಕೂಟರ್ ಇಳಿಜಾರಿನಲ್ಲಿ, ಸಿಗ್ನಲ್‌ನಲ್ಲಿ ದಣಿವಾರಿಸಿಕೊಳ್ಳುತ್ತದೆ. ದೋಣಿಗೆ ಇಳಿಜಾರು ಅಂತ ಒಂದಿಲ್ಲ. ಹೊರಟಲ್ಲಿಂದ ನಿಲ್ಲಿಸುವವರೆಗೂ ಎಂಜಿನ್ ನೀರನ್ನು ಹಿಂದಕ್ಕೆ ನೂಕುತ್ತಲೇ ಇರಬೇಕು. ಅದನ್ನು ತಣ್ಣಗಿಡುವುದೂ ಸರೋವರದ ನೀರೇ. ನೀರೆಳೆಯುವ ಪಂಪಿನೊಳಗಿನ ಇಂಪೆಲ್ಲರ್ ಎಂಬ ಸಣ್ಣ ರಬ್ಬರ್ ಚಕ್ರ ಒಣಗಿ ಹರಿದಿದ್ದರೆ ಕೆಲವೇ ನಿಮಿಷಗಳಲ್ಲಿ ಎಂಜಿನ್ ಕಾದು ಕೆಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕೆಟ್ಟು ನಿಂತ ಸ್ಕೂಟರನ್ನು ರಸ್ತೆ ಬದಿಗೆ ತಳ್ಳಬಹುದು. ಸೇಂಟ್ ಕ್ಲೇರ್‌ನ ನಡುವೆ ಕೆಟ್ಟು ನಿಂತ ದೋಣಿ ಗಾಳಿ ಕರೆದ ಕಡೆ ಹೋಗುತ್ತದೆ. ಆ ಸರೋವರ ವಿಶಾಲ, ಆದರೆ ಆಳವಿಲ್ಲ. ಹೆಚ್ಚಿನ ಕಡೆ ಹತ್ತು ಹನ್ನೆರಡು ಅಡಿ ಅಷ್ಟೇ. ಅದಕ್ಕೇ ಗಾಳಿ ಎದ್ದರೆ ಗಿಡ್ಡ, ಒತ್ತೊತ್ತಾದ ಅಲೆಗಳು ಬೇಗ ಏಳುತ್ತವೆ. ನಡುವೆ ದೊಡ್ಡ ಸರಕು ಹಡಗುಗಳ ದಾರಿ ಇದೆ, ಕೆನಡಾ ಗಡಿಯೂ ಅಲ್ಲೇ ಹಾದು ಹೋಗುತ್ತದೆ.

ಈಗ ಮಾರುವವರ ಮಾತಿಗೆ ಬರೋಣ. 'ಕಾರ್ಬ್ಯುರೇಟರ್ ಒಂದು ಕ್ಲೀನ್ ಮಾಡಿಸಿದರೆ ಸಾಕು.' 'ಹೋದ ಬೇಸಿಗೆ ಚೆನ್ನಾಗೇ ಓಡುತ್ತಿತ್ತು.' ಇವು ನಿಜವೂ ಇರಬಹುದು. ಇಲ್ಲಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ, ತಿಂಗಳುಗಟ್ಟಲೆ ನಿಂತರೆ ಕೆಡುತ್ತದೆ, ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳು ಅಂಟು ಕಟ್ಟಿಕೊಳ್ಳುತ್ತವೆ. ಅದು ನಿಜಕ್ಕೂ ಸಣ್ಣ ಕೆಲಸ. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಕೆಲವು ನೂರು ಡಾಲರ್ ಖರ್ಚಿನಲ್ಲಿ ಎಂಜಿನ್ ಸರಿಯಾಗಿ, ದೋಣಿಯ ಬೆಲೆ ಸಾವಿರಾರು ಡಾಲರ್ ಏರುವುದಾದರೆ ಅವರೇ ಯಾಕೆ ಮಾಡಿಸಲಿಲ್ಲ? ಬಹುಪಾಲು ಸಲ ಯಾರೋ ಮೆಕ್ಯಾನಿಕ್ ಆಗಲೇ ನೋಡಿ, ಕೆಟ್ಟ ಸುದ್ದಿ ಹೇಳಿ ಹೋಗಿರುತ್ತಾನೆ. ಆದ್ದರಿಂದ ನನ್ನ ಸಲಹೆ ನೇರವಾಗಿದೆ. 'ಸಣ್ಣ ಕೆಲಸ' ಎನ್ನುವವರಿಗೆ, 'ಸರಿ, ನೀವೇ ಮಾಡಿಸಿ, ಓಡುವ ದೋಣಿಗೆ ಇನ್ನೂ ಜಾಸ್ತಿ ಕೊಡುತ್ತೇನೆ' ಅನ್ನಿ. ಒಪ್ಪಿದರೆ ಮಾತು ಮುಂದುವರಿಸಿ. ಒಪ್ಪದಿದ್ದರೆ ಅದನ್ನು ಎಂಜಿನ್ ಇಲ್ಲದ ದೋಣಿ ಎಂದೇ ಲೆಕ್ಕ ಹಾಕಿ. ನೂರೈವತ್ತು ಕುದುರೆಶಕ್ತಿಯ ಹೊಸ ಔಟ್‌ಬೋರ್ಡ್ ಕೂರಿಸಲು ಹತ್ತು ಸಾವಿರ ಡಾಲರಿಗಿಂತ ಎಷ್ಟೋ ಮೇಲೆ ಆಗುತ್ತದೆ. ಆಗ ಎರಡೂವರೆ ಸಾವಿರ ಡಾಲರಿಗೆ ಸಿಕ್ಕ ದೋಣಿಯೂ ಅಗ್ಗದ್ದಲ್ಲ.

ಕೂಲಿಯ ಲೆಕ್ಕವನ್ನು ನಮ್ಮ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. ಕೊಳವೆಬಾವಿಯ ಮೋಟರ್ ಸುಟ್ಟಾಗ ರೀವೈಂಡಿಂಗ್ ಖರ್ಚಿನ ಜೊತೆಗೆ ಸಾವಿರ ಅಡಿಗೂ ಮಿಕ್ಕಿದ ಪೈಪು ಎತ್ತಿ ಇಳಿಸುವ ಖರ್ಚೂ ಮೈಮೇಲೆ ಬರುತ್ತದಲ್ಲ, ಇಲ್ಲೂ ಹಾಗೆಯೇ. ಬಿಡಿಭಾಗ ಇಪ್ಪತ್ತು ಡಾಲರಿನದ್ದೇ ಇರಬಹುದು. ಅದನ್ನು ತಲುಪಲು ಬಿಚ್ಚಿ ಜೋಡಿಸುವ ಮೆಕ್ಯಾನಿಕ್ ಗಂಟೆಗೆ ನೂರು ಡಾಲರಿಗೂ ಹೆಚ್ಚು ಕೇಳುತ್ತಾನೆ. ಮೇ ತಿಂಗಳಲ್ಲಿ ಅವರ ಬಳಿ ವಾರಗಟ್ಟಲೆ ಸರದಿ ಇರುತ್ತದೆ. ಮೆಮೋರಿಯಲ್ ಡೇಯಿಂದ ಲೇಬರ್ ಡೇವರೆಗಿನ ಇಲ್ಲಿನ ಗಿಡ್ಡ ಬೇಸಿಗೆಯಲ್ಲಿ ಅರ್ಧ ಅಲ್ಲೇ ಕಳೆದುಹೋಗುತ್ತದೆ.

ಇಷ್ಟಾದರೂ ನೋಡಲೇಬೇಕು ಅನ್ನಿಸಿದರೆ, ಹೀಗೆ ನೋಡಿ. ನೀವು ಬರುವ ಮುಂಚೆ ಎಂಜಿನ್ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಹೇಳಿಡಿ, ಹೋದ ಕೂಡಲೇ ಎಂಜಿನ್ನನ್ನು ಮುಟ್ಟಿ ನೋಡಿ. ಕೆಡುಕನ್ನು ಬಚ್ಚಿಡದೆ ಹೇಳುವುದು ತಣ್ಣಗಿರುವ ಎಂಜಿನ್ ಮಾತ್ರ. ಸ್ಟಾರ್ಟ್ ಆದ ಮೇಲೆ ಔಟ್‌ಬೋರ್ಡಿನ ಹಿಂದಿನಿಂದ ನೀರಿನ ಸಣ್ಣ ಧಾರೆ ಬಿಡದೆ ಬರುತ್ತಿರಬೇಕು. ಬಾರದಿದ್ದರೆ ತಕ್ಷಣ ಆಫ್ ಮಾಡಿಸಿ. ಕೆಳಗಿನ ಗೇರ್ ಡಬ್ಬಿಯ ಸ್ಕ್ರೂ ಸಡಿಲಿಸಿ ಒಂದೆರಡು ಹನಿ ಎಣ್ಣೆ ಇಳಿಸಿ ನೋಡಲು ಕೇಳಿ. ಎಣ್ಣೆ ಬೆಳ್ಳಗೆ ಕದಡಿದ್ದರೆ ಸೀಲ್ ಹೋಗಿ ನೀರು ಒಳಗೆ ನುಗ್ಗಿದೆ. ಮೆಕ್ಯಾನಿಕ್ ಕರೆದುಕೊಂಡು ಹೋಗಿ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಇಲ್ಲಿ ನೋಡಬೇಕಾದದ್ದು ಸಿಲಿಂಡರುಗಳ ಒತ್ತಡದ ನಡುವಿನ ವ್ಯತ್ಯಾಸ. ಎಲ್ಲವೂ ಒಂದಕ್ಕೊಂದು ಶೇ. 10ರ ಒಳಗಿರಬೇಕು. ಮೂರು ಸಿಲಿಂಡರು 120 ಪಿಎಸ್‌ಐ ತೋರಿಸಿ ನಾಲ್ಕನೆಯದು 85 ತೋರಿಸಿದರೆ ಧನ್ಯವಾದ ಹೇಳಿ ಹೊರಟುಬಿಡಿ.

ದೋಣಿಯ ಒಳಗೇ ಎಂಜಿನ್ ಇರುವ ಬಗೆಯಾದರೆ ಇನ್ನೂ ಎಚ್ಚರ ಬೇಕು. ಚಳಿಗಾಲಕ್ಕೆ ಮುಂಚೆ ಎಂಜಿನ್ನಿನ ನೀರು ಪೂರ್ತಿ ಇಳಿಸಿ ಗುಲಾಬಿ ಬಣ್ಣದ ಆಂಟಿಫ್ರೀಜ್ ತುಂಬಿಡದಿದ್ದರೆ ಒಳಗಿನ ನೀರು ಹೆಪ್ಪುಗಟ್ಟಿ, ಉಬ್ಬಿ, ಬೀಡುಕಬ್ಬಿಣದ ಬ್ಲಾಕನ್ನೇ ಸೀಳುತ್ತದೆ. ಹೋದ ಬೇಸಿಗೆಯಲ್ಲಿ 'ಚೆನ್ನಾಗೇ ಓಡುತ್ತಿದ್ದ' ದೋಣಿ ಈ ವಸಂತದಲ್ಲಿ ಮಾರಾಟಕ್ಕೆ ಬರಲು ಇದೊಂದೇ ಕಾರಣ ಸಾಕು. ಬ್ಲಾಕಿನ ಪಕ್ಕದಲ್ಲಿ ಸಣ್ಣ ಬಿರುಕು, ಹೊಸದಾಗಿ ಬಳಿದ ಬಣ್ಣ, ಎಂಜಿನ್ ಆಯಿಲಿನಲ್ಲಿ ನೀರು ಕಂಡರೆ ಅದು ಸೀಳಿದ ಎಂಜಿನ್ ಇರಬಹುದು. ಪೆಟ್ರೋಲ್ ವಾಸನೆ ಬಂದರೆ ಸ್ಟಾರ್ಟ್ ಮಾಡಲು ಬಿಡಲೇಬೇಡಿ. ವಾಸನೆ ಇಲ್ಲದಿದ್ದರೂ ಸ್ಟಾರ್ಟಿಗೆ ಮುಂಚೆ ನಾಲ್ಕು ನಿಮಿಷ ಬ್ಲೋವರ್, ಅಂದರೆ ಎಂಜಿನ್ ಜಾಗದ ಆವಿಯನ್ನು ಹೊರಹಾಕುವ ಫ್ಯಾನ್, ಓಡಿಸಬೇಕು. ಮುಚ್ಚಿದ ಜಾಗದಲ್ಲಿ ತುಂಬಿದ ಆವಿಗೆ ಒಂದು ಕಿಡಿ ತಾಗಿದರೆ ದೋಣಿಯೇ ಸ್ಫೋಟಿಸುತ್ತದೆ. ಎಂಜಿನ್ ಹೊತ್ತಿರುವ ಹಿಂಬದಿಯ ಗೋಡೆಯನ್ನು ಸುತ್ತಿಗೆ ಹಿಡಿಯಿಂದ ತಟ್ಟಿ. ಸದ್ದು ಮಂಕಾಗಿದ್ದರೆ ಒಳಗಿನ ಮರ ಕೊಳೆತಿರಬಹುದು. ಆಗ ಎಂಜಿನ್ನಿನ ಮಾತೇ ಬೇಡ. ಎವಿನ್ರೂಡ್ ಔಟ್‌ಬೋರ್ಡುಗಳ ತಯಾರಿಕೆ 2020ರಲ್ಲಿ ನಿಂತಿತು. ಅಂಥದ್ದು ಸಿಕ್ಕರೆ ಕೊಳ್ಳುವ ಮುಂಚೆ ಹತ್ತಿರದ ಮೆಕ್ಯಾನಿಕ್ ಅದನ್ನು ಮುಟ್ಟುತ್ತಾನೋ ಇಲ್ಲವೋ ಕೇಳಿ.

ಕೊನೆಗೆ ನೀರಿನ ಮೇಲೆ ಓಡಿಸಿಯೇ ನೋಡಬೇಕು. ಅಂಗಳದಲ್ಲಿ ಹೋಸ್‌ಪೈಪ್ ಹಾಕಿ ಓಡಿಸಿದರೆ ಎಂಜಿನ್ ಮೇಲೆ ಭಾರವೇ ಬೀಳುವುದಿಲ್ಲ. ಅರ್ಧ ಗಂಟೆಯಾದರೂ ಸರೋವರದಲ್ಲಿ ಓಡಿಸದೆ ದುಡ್ಡು ಕೊಡಬೇಡಿ. ಆ ದಿನ ಮಕ್ಕಳನ್ನು ಮಾತ್ರ ದಡದಲ್ಲೇ ಬಿಡಿ.

ಕಾಗದದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಇಪ್ಪತ್ತು ಅಡಿ ಅಥವಾ ಅದಕ್ಕಿಂತ ಉದ್ದದ ದೋಣಿಗೂ, ಎಂಜಿನ್ ಶಾಶ್ವತವಾಗಿ ಒಳಗೇ ಕೂತಿರುವ ದೋಣಿಗೂ ಈ ರಾಜ್ಯದಲ್ಲಿ ಟೈಟಲ್, ಅಂದರೆ ಒಡೆತನದ ಪತ್ರ, ಇರಬೇಕು. ಮಾರುವವರ ಹೆಸರಿನಲ್ಲೇ ಇದೆಯೇ, ಅದರ ಮೇಲೆ ಸಾಲ ಬಾಕಿ ಇದೆಯೇ ನೋಡಿ. ಹಿಂಬದಿಯ ಬಲಗಡೆ ಕೊರೆದಿರುವ 12 ಅಕ್ಷರಗಳ ಸಂಖ್ಯೆ ಕಾಗದದ ಸಂಖ್ಯೆಗೆ ಹೊಂದಬೇಕು. ಟ್ರೇಲರಿಗೆ ಬೇರೆಯೇ ಪ್ಲೇಟು. ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಲ್ಲಿ ಶೇ. 6 ತೆರಿಗೆ ಕಟ್ಟಬೇಕು. ಜೂನ್ 30, 1996ರ ನಂತರ ಹುಟ್ಟಿದವರು ಮೋಟರ್ ದೋಣಿ ನಡೆಸಲು ಬೋಟಿಂಗ್ ಸುರಕ್ಷತೆಯ ಪ್ರಮಾಣಪತ್ರ ಪಡೆದಿರಬೇಕು. ಹೊಸದಾಗಿ ಬಂದ ದಂಪತಿಗಳಲ್ಲಿ ಎಷ್ಟೋ ಮಂದಿ ಈ ವಯಸ್ಸಿನವರೇ. ಆರು ವರ್ಷದೊಳಗಿನ ಮಕ್ಕಳು ತೆರೆದ ದೋಣಿಯಲ್ಲಿ ಲೈಫ್ ಜಾಕೆಟ್ ತೊಟ್ಟೇ ಇರಬೇಕೆಂದು ಕಾನೂನು ಹೇಳುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ ಈಜು ಬರುವುದಿಲ್ಲ. ಅಪ್ಪ ಅಮ್ಮನೂ ತೊಡಲಿ ಎಂದು ನಾನು ಕೇಳಿಕೊಳ್ಳುತ್ತೇನೆ. ಮೇ ತಿಂಗಳಲ್ಲಿ ಬಿಸಿಲು ಸುಡುತ್ತಿದ್ದರೂ ಸರೋವರದ ನೀರು ಕೊರೆಯುವಷ್ಟು ತಣ್ಣಗಿರುತ್ತದೆ, ಬಿದ್ದವರಿಗೆ ಮೊದಲ ನಿಮಿಷದಲ್ಲೇ ಉಸಿರು ಕಟ್ಟುತ್ತದೆ.

ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ ಇರುವವರು ಇನ್ನೂ ಒಂದು ವಿಷಯ ನೋಡಿಕೊಳ್ಳಬೇಕು. ಬಹಳಷ್ಟು ಕಡೆ ದೋಣಿಯನ್ನು ಪಾರ್ಕಿಂಗ್ ಜಾಗದಲ್ಲಿ ನಿಲ್ಲಿಸಲು ಬಿಡುವುದಿಲ್ಲ. ನಿಮ್ಮ ಸಣ್ಣ ಕಾರು ಅದನ್ನು ಎಳೆಯುವುದೂ ಇಲ್ಲ. ಚಳಿಗಾಲದ ಶೆಡ್ಡಿನ ಬಾಡಿಗೆ, ವಿಮೆ, ಎಂಜಿನ್ ಸಿದ್ಧಪಡಿಸುವ ಖರ್ಚು ಪ್ರತಿ ವರ್ಷ ಬರುತ್ತದೆ. ವೀಸಾ ಮೇಲೆ ಬಂದವರಿಗೆ ಮುಂದಿನ ವರ್ಷ ಯಾವ ಊರೋ ಗೊತ್ತಿರುವುದಿಲ್ಲ. ಇವೆಲ್ಲ ಕೂಡಿಸಿ ನೋಡಿ ನಾನು ಹೇಳುವುದು: ಮೊದಲ ಬೇಸಿಗೆಯಲ್ಲಿ ಎಂಜಿನ್ ಕೆಟ್ಟ ದೋಣಿ ಬೇಡವೇ ಬೇಡ. ಒಳನಾಡಿನ ಸಣ್ಣ ಕೆರೆಯಲ್ಲಿ ಗಂಟೆ ಲೆಕ್ಕಕ್ಕೆ ಪಾಂಟೂನ್ ದೋಣಿ ಬಾಡಿಗೆಗೆ ಸಿಗುತ್ತದೆ. ಎರಡು ಮೂರು ಮನೆಯವರು ಸೇರಿ ಹೋಗಿ, ಚಿತ್ರಾನ್ನ ಕಟ್ಟಿಕೊಂಡು ಹೋಗಿ. ದೋಣಿ ನಡೆಸುವುದು ನಿಮಗೆ ಇಷ್ಟವೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಇಷ್ಟವಾಯಿತು ಅಂದವರು ಸೆಪ್ಟೆಂಬರ್ ಕೊನೆಯವರೆಗೆ ಕಾಯಿರಿ. ಆಗ ಚಳಿಗಾಲದ ಶೆಡ್ ಬಾಡಿಗೆ ತಪ್ಪಿಸಿಕೊಳ್ಳಲು ಒಳ್ಳೆಯ ದೋಣಿಗಳೂ ಇಳಿದ ಬೆಲೆಗೆ ಬರುತ್ತವೆ, ಸರೋವರ ಇನ್ನೂ ಹೆಪ್ಪುಗಟ್ಟಿರುವುದಿಲ್ಲ, ನೀರಿನಲ್ಲಿ ಓಡಿಸಿ ನೋಡಲು ಅವಕಾಶ ಇರುತ್ತದೆ. ನೋಡಲು ಹೋಗುವ ವಾರ ಕೂಟಕ್ಕೆ ಒಂದು ಮಾತು ತಿಳಿಸಿ. ಕೆಲವು ವರ್ಷದಿಂದ ದೋಣಿ ಇಟ್ಟುಕೊಂಡಿರುವ ಹಿರಿಯರು ನಮ್ಮಲ್ಲಿದ್ದಾರೆ, ಕಂಪ್ರೆಷನ್ ಗೇಜ್ ಹಿಡಿದು ಜೊತೆಗೆ ಬರುತ್ತಾರೆ.