ಕಾರಣ ತಿಳಿಯದೆ ಸೊರಗುವ ಕಾವಲು ನಾಯಿ: ತಪಾಸಣೆ ಎಲ್ಲಿಯವರೆಗೆ?

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ತೋಟದ ಮನೆ, ಕುರಿಹಟ್ಟಿ, ಮಾವಿನ ತೋಪು ಇರುವ ಕಡೆಯಲ್ಲೆಲ್ಲ ಕಾವಲಿಗೆ ಒಂದು ನಾಯಿ ಇದ್ದೇ ಇರುತ್ತದೆ. ಹಸು ಒಂದು ಹೊತ್ತು ಮೇವು ಬಿಟ್ಟರೆ ಅಂದೇ ಪಶುವೈದ್ಯರನ್ನು ಕರೆಯುವ ರೈತರು, ನಾಯಿ ಸೊರಗಿದರೆ "ವಯಸ್ಸಾಯಿತು" ಎಂದು ಸುಮ್ಮನಾಗುವುದುಂಟು. ಮತ್ತೆ ಕೆಲವರು ಒಂದರ ಮೇಲೊಂದು ಪರೀಕ್ಷೆ ಮಾಡಿಸಿ, ಗೊಬ್ಬರಕ್ಕೆಂದು ಇಟ್ಟ ಹಣವನ್ನೂ ಖರ್ಚು ಮಾಡಿ, ಕೊನೆಗೆ ಕಾರಣ ತಿಳಿಯದೆ ಹಿಂದಿರುಗುವುದುಂಟು. ಇವೆರಡೂ ಸರಿಯಾದ ಮಾರ್ಗವಲ್ಲ.

ರಾಗಿ ಪೈರು ಹಳದಿಯಾದರೆ ಸಾರಜನಕದ ಕೊರತೆಯೋ, ನೀರು ನಿಂತಿದೆಯೋ, ಬೇರಿಗೆ ಹುಳು ಬಿದ್ದಿದೆಯೋ ಎಂದು ನೋಡದೆ ಯೂರಿಯಾ ಎರಚುವುದು ವ್ಯರ್ಥ. ನಾಯಿಯ ವಿಷಯದಲ್ಲೂ ಹಾಗೆಯೇ. ಖರ್ಚಿಲ್ಲದ ಪರಿಶೀಲನೆ ಮೊದಲು, ಕಡಿಮೆ ಖರ್ಚಿನ ಪರೀಕ್ಷೆ ಅನಂತರ, ದೊಡ್ಡ ಪರೀಕ್ಷೆ ಕೊನೆಗೆ ಎಂಬ ಕ್ರಮವನ್ನು ಅನುಸರಿಸಬೇಕು.

ಮೊದಲು ಎಚ್ಚರಿಕೆ

ನಾಯಿಯ ಕೆಳದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತಿದ್ದರೆ, ನುಂಗಲು ಕಷ್ಟಪಡುತ್ತಿದ್ದರೆ ಅಥವಾ ಸ್ವಭಾವವೇ ಬದಲಾಗಿದ್ದರೆ, ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕಕೂಡದು. ಅದು ಹುಚ್ಚುನಾಯಿ ರೋಗ, ಅಂದರೆ ರೇಬೀಸ್ ಇರಬಹುದು. ನಾಯಿಯನ್ನು ಪ್ರತ್ಯೇಕವಾಗಿ ಕಟ್ಟಿ ಪಶುವೈದ್ಯರಿಗೆ ತಿಳಿಸಬೇಕು. ಕಚ್ಚಿದ್ದರೆ ಅಥವಾ ಜೊಲ್ಲು ಗಾಯಕ್ಕೆ ತಗುಲಿದ್ದರೆ ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಕೂಡಲೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ರೇಬೀಸ್ ಲಕ್ಷಣ ಕಂಡ ನಾಯಿ ಸಾಮಾನ್ಯವಾಗಿ 10 ದಿನಗಳೊಳಗೆ ಸಾಯುತ್ತದೆ. ತಿಂಗಳುಗಟ್ಟಲೆ ನಿಧಾನವಾಗಿ ಮಾಂಸ ಕರಗುವುದು ಆ ರೋಗದ ರೀತಿಯಲ್ಲ.

ಮನೆಯಲ್ಲೇ ಮಾಡಬಹುದಾದ ಪರಿಶೀಲನೆ

ಕೊಬ್ಬು ಇಳಿಯುವುದು ಬೇರೆ, ಮಾಂಸಖಂಡ ಕರಗುವುದು ಬೇರೆ. ಹೊಟ್ಟೆ ದಪ್ಪವಾಗಿದ್ದರೂ ಬೆನ್ನಿನ ಮಾಂಸ ಕರಗಿರಬಹುದು. ಆದುದರಿಂದ ಕಣ್ಣಿನಿಂದ ನೋಡಿದರೆ ಸಾಲದು. ಕಣ್ಣಿನ ಮೇಲ್ಭಾಗದ ತಲೆ, ಹೆಗಲ ಮೂಳೆ, ಬೆನ್ನೆಲುಬು ಮತ್ತು ತೊಡೆ ಇವುಗಳನ್ನು ಎರಡೂ ಕಡೆ ಕೈಯಿಂದ ಒತ್ತಿ ಹೋಲಿಸಬೇಕು. ತೊಡೆಯ ಸುತ್ತಳತೆಯನ್ನು ದರ್ಜಿಯ ಟೇಪಿನಿಂದ ಅಳೆದು, ತೂಕದೊಡನೆ ಬರೆದಿಟ್ಟು, 15 ದಿನಗಳ ನಂತರ ಮತ್ತೆ ಅಳೆಯಬೇಕು. ಈ ಲೆಕ್ಕ ವೈದ್ಯರಿಗೆ ಬಹಳ ಉಪಯುಕ್ತ.

ಎರಡನೆಯದಾಗಿ ನಾಯಿಯ ತಟ್ಟೆಯನ್ನು ನೋಡಬೇಕು. ನಮ್ಮ ಕಡೆ ಮುದ್ದೆ, ಸಾರಿನ ಮೇಲೆ ಬದುಕುವ ನಾಯಿಗಳೇ ಹೆಚ್ಚು. 100 ಗ್ರಾಂ ರಾಗಿಯಲ್ಲಿ ಇರುವ ಸಸಾರಜನಕ ಸುಮಾರು 7 ಗ್ರಾಂ ಮಾತ್ರ. ಬೆಳೆದ ನಾಯಿಯ ಆಹಾರದ ಒಣ ತೂಕದಲ್ಲಿ ಇದು ಶೇ. 18ರಷ್ಟಾದರೂ ಇರಬೇಕು. ಮೊಟ್ಟೆ, ಮಾಂಸ, ಮೀನು, ಹಾಲು ಇವುಗಳಲ್ಲಿ ಅನುಕೂಲವಾದುದನ್ನು ಸೇರಿಸಿದಾಗ 3-4 ವಾರಗಳಲ್ಲಿ ತೂಕ ಏರಿದರೆ ಮುಂದಿನ ಖರ್ಚೇ ಬೇಕಾಗದಿರಬಹುದು. ಈರುಳ್ಳಿ ಹೆಚ್ಚಾಗಿರುವ ಸಾರು ನಾಯಿಯ ರಕ್ತವನ್ನು ಕೆಡಿಸುತ್ತದೆ; ದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. ಇವೆರಡನ್ನೂ ಕೊಡಬಾರದು.

ಮೂರನೆಯದಾಗಿ ಮಾಂಸ ಎಲ್ಲಿ ಕರಗಿದೆ ಎಂಬುದನ್ನು ಗುರುತಿಸಬೇಕು.

1. ಒಂದೇ ಕಾಲಿನಲ್ಲಿ ಮಾತ್ರ ಕರಗಿದ್ದರೆ ಆ ಕಾಲಿನ ಕೀಲು, ಮೂಳೆ ಅಥವಾ ನರದ ತೊಂದರೆ. ನೋವಿಗೆ ಹೆದರಿ ಕಾಲೂರದಿದ್ದರೆ ಕೆಲವೇ ವಾರಗಳಲ್ಲಿ ತೊಡೆ ಸಣ್ಣಗಾಗುತ್ತದೆ.

2. ಹಿಂಗಾಲುಗಳೆರಡೂ ಸೊರಗಿ, ಪಾದ ಎಳೆಯುತ್ತಿದ್ದರೆ ಬೆನ್ನುಹುರಿಯನ್ನು ಶಂಕಿಸಬೇಕು.

3. ತಲೆಯ ಮಾಂಸ ಮಾತ್ರ ಕರಗಿ ಬಾಯಿ ಪೂರ್ತಿ ತೆರೆಯಲಾಗದಿದ್ದರೆ ಅಗಿಯುವ ಸ್ನಾಯುಗಳ ಉರಿಯೂತವಿರಬಹುದು. ನಾಯಿಯ ದೇಹದ ರೋಗನಿರೋಧಕ ಶಕ್ತಿಯೇ ಆ ಸ್ನಾಯುಗಳ ಮೇಲೆ ತಿರುಗಿಬೀಳುವುದರಿಂದ ಬರುವ ರೋಗವಿದು. ಆದರೆ ಎಚ್ಚರ: ಧನುರ್ವಾಯುವಿನಲ್ಲಿಯೂ ಬಾಯಿ ತೆರೆಯದು.

4. ಮೈಯೆಲ್ಲ ಕರಗಿದ್ದರೆ ಹುಳು, ಉಣ್ಣೆ ಜ್ವರ, ಸಕ್ಕರೆ ರೋಗ, ಮೂತ್ರಪಿಂಡದ ರೋಗ, ಗೆಡ್ಡೆ ಅಥವಾ ಮುಪ್ಪು ಕಾರಣವಿರಬಹುದು. ಚೆನ್ನಾಗಿ ತಿಂದು, ಹೆಚ್ಚು ನೀರು ಕುಡಿದು ಸೊರಗಿದರೆ ಸಕ್ಕರೆ ರೋಗದ ಶಂಕೆ ಬಲವಾಗುತ್ತದೆ.

ತಾಲ್ಲೂಕು ಮಟ್ಟದ ಪರೀಕ್ಷೆ

ಪಶುಪಾಲನಾ ಇಲಾಖೆಯ ಆಸ್ಪತ್ರೆಯಲ್ಲಿ ಮೊದಲು ಕೇಳಬೇಕಾದವು ಮೂರು: ಸಗಣಿಯಲ್ಲಿ ಹುಳುವಿನ ಮೊಟ್ಟೆ, ಮೂತ್ರದಲ್ಲಿ ಸಕ್ಕರೆ, ಗಾಜಿನ ಮೇಲೆ ಸವರಿದ ರಕ್ತದಲ್ಲಿ ರೋಗಾಣು. ಇವುಗಳಿಗೆ ಸೂಕ್ಷ್ಮದರ್ಶಕ ಮತ್ತು ಪಟ್ಟಿಗಳಷ್ಟೇ ಸಾಕು; ಖರ್ಚೂ ಕಡಿಮೆ. ಕಂದು ಉಣ್ಣೆಗಳಿಂದ ಹರಡುವ ಎರ್ಲಿಕಿಯ ಮತ್ತು ಬೆಬೀಸಿಯ ರೋಗಗಳಲ್ಲಿ ಜ್ವರ, ರಕ್ತಹೀನತೆ, ತೂಕನಷ್ಟ ಕಾಣುತ್ತವೆ; ಮೂಗಿನಲ್ಲಿ ರಕ್ತ ಸೋರುವುದೂ ಉಂಟು. ಇವಕ್ಕೆ ಚಿಕಿತ್ಸೆಯಿದೆ. ಆದರೆ ಒಂದು ಸಲ ರಕ್ತದಲ್ಲಿ ರೋಗಾಣು ಕಾಣಲಿಲ್ಲವೆಂದು ರೋಗವೇ ಇಲ್ಲವೆನ್ನಲಾಗದು.

ವೈದ್ಯರ ಬಳಿ ಹೋಗುವಾಗ ಹಿಂದೆ ಹಾಕಿಸಿದ ಚುಚ್ಚುಮದ್ದುಗಳ ಚೀಟಿಯನ್ನು ತಪ್ಪದೆ ಒಯ್ಯಬೇಕು. ಸ್ಟೀರಾಯ್ಡ್ ಔಷಧಿಗಳನ್ನು ದೀರ್ಘಕಾಲ ಕೊಟ್ಟರೆ ಅವೇ ಮಾಂಸವನ್ನು ಕರಗಿಸುತ್ತವೆ. ಪರೀಕ್ಷೆಗೆ ಮೊದಲು ಕೊಟ್ಟರೆ ಉರಿಯೂತದ ಗುರುತನ್ನೂ ಅಳಿಸಿಬಿಡುತ್ತವೆ. ಸ್ನಾಯು ಹಾನಿಯನ್ನು ತೋರಿಸುವ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವವನ್ನು ಅಳೆಯಬೇಕಾದರೆ, ಮಾಂಸಕ್ಕೆ ಚುಚ್ಚುಮದ್ದು ಹಾಕುವ ಮೊದಲೇ ರಕ್ತ ತೆಗೆಸಬೇಕು. ಚುಚ್ಚಿದ್ದರಿಂದಲೇ ಅದು ಏರುತ್ತದೆ. ಮೂತ್ರಪಿಂಡಕ್ಕಾಗಿ ಅಳೆಯುವ ಕ್ರಿಯಾಟಿನಿನ್ ಮಾಂಸಖಂಡದಿಂದಲೇ ಬರುವುದರಿಂದ, ಬಹಳ ಸೊರಗಿದ ನಾಯಿಯಲ್ಲಿ ಅದು ಕಡಿಮೆ ಕಂಡು ದಾರಿ ತಪ್ಪಿಸಬಹುದು.

ನೀರು ಕಾರಣವೆ?

ಈ ಜಿಲ್ಲೆಯ ಹಲವು ಆಳವಾದ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದೆ. ಆದುದರಿಂದ ನೀರಿನ ಮೇಲೆಯೇ ದೋಷ ಹೊರಿಸುವುದು ಸಹಜ. ಆದರೆ ಫ್ಲೋರೈಡ್ ಹೊಡೆಯುವುದು ಮುಖ್ಯವಾಗಿ ಹಲ್ಲು ಮತ್ತು ಮೂಳೆಯನ್ನು. ಕೀಲು ಬಿಗಿದು ಓಡಾಟ ನಿಂತ ಮೇಲೆ ಮಾಂಸ ಕರಗುವುದು ಅದರ ಹಿಂದೆ ಬರುವ ಪರಿಣಾಮ. ಮನೆಯ ದನಗಳ ಹಲ್ಲಿನಲ್ಲಿ ಕಂದು ಕಲೆ, ಕುಂಟು ಕಂಡರೆ, ಮಕ್ಕಳ ಹಲ್ಲಿನಲ್ಲಿಯೂ ಕಲೆಯಿದ್ದರೆ ನೀರನ್ನು ಪರೀಕ್ಷಿಸಲೇಬೇಕು. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 1 ಮಿಲಿಗ್ರಾಂ; ಬೇರೆ ನೀರಿಲ್ಲದಿದ್ದರೆ ಗರಿಷ್ಠ 1.5 ಮಿಲಿಗ್ರಾಂ. ನಾಯಿಗಾಗಿ ಮಾಡಿಸಿದ ಈ ಪರೀಕ್ಷೆ ಇಡೀ ಮನೆಗೆ ಉಪಯೋಗಕ್ಕೆ ಬರುತ್ತದೆ.

ದೊಡ್ಡ ಪರೀಕ್ಷೆ ಯಾರಿಗೆ?

ಇಷ್ಟರಲ್ಲಿ ಕಾರಣ ಸಿಗದಿದ್ದರೆ ಕೋಲಾರದಿಂದ ಸುಮಾರು 70 ಕಿ.ಮೀ. ದೂರದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಒಯ್ಯುವ ಪ್ರಶ್ನೆ ಬರುತ್ತದೆ. ಎಕ್ಸ್-ರೇ, ಹೊಟ್ಟೆಯ ಸ್ಕ್ಯಾನಿಂಗ್‌ಗಳಿಂದ ಗೆಡ್ಡೆ, ಮೂಳೆಯ ದೋಷ ತಿಳಿಯಬಹುದು. ಸ್ನಾಯುವಿನ ತುಣುಕು ತೆಗೆದು ನೋಡಲು ಅರಿವಳಿಕೆ ಬೇಕು. ಆ ಸೌಲಭ್ಯ ಎಲ್ಲ ಕಡೆಯೂ ಇರುವುದಿಲ್ಲ. ಹೊರಡುವ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: "ಈ ಪರೀಕ್ಷೆಯ ಉತ್ತರ ಏನೇ ಬರಲಿ, ನಾಳೆ ಕೊಡುವ ಚಿಕಿತ್ಸೆ ಅದರಿಂದ ಬದಲಾಗುತ್ತದೆಯೆ?" ಉದಾಹರಣೆಗೆ, 4 ವರ್ಷದ ನಾಯಿಗೆ ತಲೆಯ ಮಾಂಸ ಕರಗಿ ಬಾಯಿ ತೆರೆಯಲಾಗುತ್ತಿಲ್ಲ. ಬೇಗ ಗುರುತಿಸಿದರೆ ಔಷಧಿಯಿಂದ ಗುಣ ಕಾಣಬಹುದು. ತಡವಾದರೆ ಸ್ನಾಯುವಿನ ಜಾಗದಲ್ಲಿ ನಾರು ಬೆಳೆದು ದವಡೆ ಬಿಗಿದೇ ಉಳಿಯುತ್ತದೆ. ಇಲ್ಲಿ ಖರ್ಚು ಸಾರ್ಥಕ. ಇನ್ನೊಂದು, 11 ವರ್ಷದ ಜರ್ಮನ್ ಶೆಫರ್ಡ್. ನೋವಿಲ್ಲದೆ ಹಿಂಗಾಲು ತಿಂಗಳಿಂದ ತಿಂಗಳಿಗೆ ಸೋಲುತ್ತಿವೆ. ಆ ತಳಿಯಲ್ಲಿ ಕಾಣುವ ಬೆನ್ನುಹುರಿಯ ಸವಕಳಿಗೆ ಗುಣಪಡಿಸುವ ಮದ್ದಿಲ್ಲ. ನೋವಿನ ಅಥವಾ ಶಸ್ತ್ರಚಿಕಿತ್ಸೆಯಿಂದ ಸರಿಹೋಗುವ ಬೇರೆ ಕಾರಣವಿಲ್ಲವೆಂದು ವೈದ್ಯರು ಹೇಳಿದ ಮೇಲೆ ಹೆಸರನ್ನು ಖಚಿತಪಡಿಸಲೆಂದೇ ಹಣ ಸುರಿಯಬೇಕಾಗಿಲ್ಲ. ಜಾರದ ನೆಲ, ಮೆತ್ತನೆಯ ಹಾಸು, ನಿತ್ಯ ಸ್ವಲ್ಪ ನಡೆದಾಟ ಇವೇ ಅದಕ್ಕೆ ಚಿಕಿತ್ಸೆ.

ಎಲ್ಲಿ ನಿಲ್ಲಿಸಬೇಕು?

ಮುಂದಿನ ಪರೀಕ್ಷೆಯಿಂದ ಚಿಕಿತ್ಸೆ ಬದಲಾಗದಿದ್ದರೆ, ಅರಿವಳಿಕೆಯನ್ನು ನಾಯಿ ತಾಳದೆಂದು ವೈದ್ಯರು ಹೇಳಿದರೆ, ಅಥವಾ ಖರ್ಚು ಮನೆಯ ಶಕ್ತಿಯನ್ನು ಮೀರಿದರೆ ನಿಲ್ಲಿಸುವುದು ತಪ್ಪಲ್ಲ. ಹಾಗೆ ನಿಲ್ಲಿಸುವ ಮುನ್ನ, ಹೆಚ್ಚು ಸಂಭವವಿರುವ ರೋಗಕ್ಕೆ ಚಿಕಿತ್ಸೆಯನ್ನು ಗೊತ್ತಾದ ಅವಧಿಗೆ ಕೊಟ್ಟು ನೋಡಬಹುದೆ ಎಂದು ವೈದ್ಯರನ್ನು ಕೇಳಬೇಕು. ತೂಕ ಮತ್ತು ಸುತ್ತಳತೆಯ ಲೆಕ್ಕವೇ ಅದರ ಫಲವನ್ನು ಹೇಳುತ್ತದೆ.

ತಪಾಸಣೆ ನಿಲ್ಲಿಸಿದ ಮಾತ್ರಕ್ಕೆ ಆರೈಕೆ ನಿಲ್ಲಿಸಿದಂತಲ್ಲ. ನಾಯಿ ತಿನ್ನುತ್ತಿದೆಯೆ, ಎದ್ದು ಮಲಮೂತ್ರಕ್ಕೆ ಹೋಗುತ್ತಿದೆಯೆ, ನೋವಿಲ್ಲದೆ ಮಲಗುತ್ತಿದೆಯೆ, ಮನೆಯವರನ್ನು ಕಂಡು ಬಾಲ ಆಡಿಸುತ್ತಿದೆಯೆ ಎಂಬುದನ್ನು ವಾರಕ್ಕೊಮ್ಮೆ ಗಮನಿಸಬೇಕು. ಇವೆಲ್ಲವೂ ಒಂದೊಂದಾಗಿ ಇಲ್ಲವಾದಾಗ, ನರಳಲು ಬಿಡದೆ ನೋವಿಲ್ಲದ ಅಂತ್ಯದ ಬಗ್ಗೆ ಪಶುವೈದ್ಯರೊಡನೆ ಮಾತನಾಡುವುದು ಉಚಿತ. ವರ್ಷಗಟ್ಟಲೆ ತೋಪು, ಹಟ್ಟಿಗಳನ್ನು ಕಾದ ಪ್ರಾಣಿಗೆ ರೈತನು ಅಷ್ಟು ಋಣ ತೀರಿಸಬೇಕು.