ಸಾರಜನಕಯುಕ್ತ ರಂಧ್ರಮಯ ಇಂಗಾಲ: ಹಣ ಹೂಡುವ ಮುನ್ನ ಅರಿಯಬೇಕಾದ ಲೆಕ್ಕ

ಕಾಖಂಡಕಿ, ಬಬಲೇಶ್ವರ, ತಿಕೋಟಾ ಭಾಗಗಳಲ್ಲಿ ರಾಶಿಯಾದ ನಂತರ ಉಳಿಯುವ ತೊಗರಿ ಕಟ್ಟಿಗೆ, ದ್ರಾಕ್ಷಿ ತೋಟಗಳ ಏಪ್ರಿಲ್ ಮತ್ತು ಅಕ್ಟೋಬರ್ ಚಾಟ್ನಿಯಲ್ಲಿ ಬೀಳುವ ಕಡ್ಡಿ, ಹಳ್ಳದ ದಂಡೆಯ ಬಳ್ಳಾರಿ ಜಾಲಿ ಇವುಗಳಿಗೆ ಒಲೆಯ ಹೊರತು ಹೆಚ್ಚಿನ ಬೆಲೆಯಿಲ್ಲ. ಇಂತಹ ಕೃಷಿ ಶೇಷಗಳಿಂದಲೇ ವಿದ್ಯುತ್ ಸಂಗ್ರಹಿಸುವ ಇಂಗಾಲವನ್ನು ತಯಾರಿಸಬಹುದೆಂಬುದು ಪ್ರಯೋಗಾಲಯಗಳಲ್ಲಿ ಸಿದ್ಧಪಟ್ಟ ಸಂಗತಿ. ಆದರೆ ಪ್ರಯೋಗಾಲಯದ ಅಂಕಿಯೂ ಮಾರುಕಟ್ಟೆಯ ಬೆಲೆಯೂ ಒಂದೇ ಅಲ್ಲ. ಯೋಜನಾ ವರದಿಯೊಂದು ಕೈಗೆ ಬಂದಾಗ ಅದನ್ನು ಓದುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಈ ಇಂಗಾಲದ ಮುಖ್ಯ ಉಪಯೋಗ ಸೂಪರ್ ಕೆಪಾಸಿಟರ್‌ನಲ್ಲಿ. ಬ್ಯಾಟರಿಯಲ್ಲಿ ರಾಸಾಯನಿಕ ಕ್ರಿಯೆ ನಡೆದು ವಿದ್ಯುತ್ ಸಂಗ್ರಹವಾದರೆ, ಇಲ್ಲಿ ದ್ರಾವಣದಲ್ಲಿರುವ ಅಯಾನುಗಳು ಇಂಗಾಲದ ರಂಧ್ರಗಳ ಗೋಡೆಗೆ ಅಂಟಿ ನಿಲ್ಲುತ್ತವೆ, ಅಷ್ಟೆ. ಆದ್ದರಿಂದ ಅದು ಕೆಲವೇ ಸೆಕೆಂಡುಗಳಲ್ಲಿ ಚಾರ್ಜ್ ಆಗುತ್ತದೆ, ಲಕ್ಷಾಂತರ ಸಲ ಬಳಸಿದರೂ ಸವೆಯುವುದು ಅತ್ಯಲ್ಪ. ಕೊರತೆಯೆಂದರೆ, ಲಿಥಿಯಂ ಬ್ಯಾಟರಿ ಕಿಲೋಗ್ರಾಂಗೆ 150ರಿಂದ 250 ವ್ಯಾಟ್-ಗಂಟೆ ಹಿಡಿದಿಟ್ಟರೆ ಇದು ಹಿಡಿಯುವುದು ಸುಮಾರು 5ರಿಂದ 10 ಮಾತ್ರ. ಗ್ರಿಡ್ ಕಡಿದಾಗ ಗಾಳಿಯಂತ್ರದ ರೆಕ್ಕೆಗಳನ್ನು ಸುರಕ್ಷಿತ ಕೋನಕ್ಕೆ ತಿರುಗಿಸುವುದು, ಬಸ್ಸಿನ ಬ್ರೇಕಿನಿಂದ ಬರುವ ಶಕ್ತಿಯನ್ನು ಹಿಡಿಯುವುದು ಮುಂತಾದ ಕ್ಷಣಿಕ ಕೆಲಸಗಳಿಗೆ ಇದು ಒದಗುತ್ತದೆ.

ಸಾರಜನಕದ ಪಾತ್ರವೇನು? ಇಂಗಾಲದ ಪರಮಾಣುವಿನ ಹೊರಕವಚದಲ್ಲಿ 4 ಇಲೆಕ್ಟ್ರಾನುಗಳಿದ್ದರೆ ಸಾರಜನಕದಲ್ಲಿ 5. ಇಂಗಾಲದ ಹಾಳೆಯೊಳಗೆ ಅಲ್ಲಲ್ಲಿ ಸಾರಜನಕ ಸೇರಿದಾಗ ವಿದ್ಯುತ್ ಸರಾಗವಾಗಿ ಹರಿಯುತ್ತದೆ. ಹಾಳೆಯ ಅಂಚಿನಲ್ಲಿ ಸೇರಿದರೆ ನೀರಿನ ದ್ರಾವಣದಲ್ಲಿ ಹೆಚ್ಚುವರಿ ಚಾರ್ಜನ್ನೂ ಹಿಡಿಯುತ್ತದೆ. ನಮ್ಮ ರಾಜ್ಯದಲ್ಲಿಯೇ ಇದಕ್ಕೆ ಉತ್ತಮ ನಿದರ್ಶನವಿದೆ. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊ. ಸಿ.ಎನ್.ಆರ್. ರಾವ್ ಮತ್ತು ಸಹೋದ್ಯೋಗಿಗಳು 2013ರಲ್ಲಿ ಗ್ರಾಫೀನ್ ಆಕ್ಸೈಡನ್ನು ಯೂರಿಯಾದೊಂದಿಗೆ ಮೈಕ್ರೋವೇವ್‌ನಲ್ಲಿ ಕಾಯಿಸಿ, ತೂಕದಲ್ಲಿ ಶೇ. 18ರಷ್ಟು ಸಾರಜನಕವನ್ನು ಸೇರಿಸಿದರು; ಗ್ರಾಂಗೆ 461 ಫ್ಯಾರಡ್‌ವರೆಗೆ ಧಾರಣಶಕ್ತಿ ದೊರೆಯಿತೆಂದು ಪ್ರಕಟಿಸಿದರು.

ಇಂತಹ ಅಂಕಿಯನ್ನು ಕಂಡೊಡನೆ ಉದ್ಯಮಿಯು ಕೇಳತಕ್ಕ ಮೊದಲ ಪ್ರಶ್ನೆ: ಎಷ್ಟು ವೋಲ್ಟಿನಲ್ಲಿ? ಸಂಗ್ರಹವಾಗುವ ಶಕ್ತಿಯು ಧಾರಣಶಕ್ತಿಯ ಅರ್ಧವನ್ನು ವೋಲ್ಟಿನ ವರ್ಗದಿಂದ ಗುಣಿಸಿದಷ್ಟು. ನೀರಿನ ದ್ರಾವಣದಲ್ಲಿ ಸಾಮಾನ್ಯವಾಗಿ 1 ವೋಲ್ಟಿನ ಆಸುಪಾಸಿನ ಮಿತಿ. ಮಾರುಕಟ್ಟೆಯ ಸಾವಯವ ದ್ರಾವಣದ ಕೋಶಗಳು ನಡೆಯುವುದು 2.7 ವೋಲ್ಟಿನಲ್ಲಿ. ನೀರಿನಲ್ಲಿ 300 ಫ್ಯಾರಡ್ ತೋರಿಸುವ ಇಂಗಾಲದ ಲೆಕ್ಕ 150. ಸಾವಯವ ದ್ರಾವಣದಲ್ಲಿ ಬರೀ 120 ಫ್ಯಾರಡ್ ತೋರಿಸುವ ಸಾದಾ ಇಂಗಾಲದ ಲೆಕ್ಕ 437. ಚಿಕ್ಕ ಅಂಕಿಯ ಮಾಲೇ ಸುಮಾರು ಮೂರು ಪಟ್ಟು ಶಕ್ತಿ ಹಿಡಿಯುತ್ತದೆ! ವರದಿಯಲ್ಲಿ ಫ್ಯಾರಡ್ ಇದ್ದು ವೋಲ್ಟ್ ಮತ್ತು ದ್ರಾವಣದ ಹೆಸರು ಇಲ್ಲದಿದ್ದರೆ ಅದನ್ನು ಅಲ್ಲಿಯೇ ಮಡಚಿಡುವುದು ಲೇಸು.

ಎರಡನೆಯದು ಬೂದಿ. ಕೆಪಾಸಿಟರ್ ತಯಾರಕರು ಬೂದಿಯ ಅಂಶ ಶೇ. 1ರೊಳಗೆ ಇರಬೇಕೆಂದು ಬಯಸುತ್ತಾರೆ. ಕಬ್ಬಿಣ, ತಾಮ್ರದ ಲೇಶ ಉಳಿದರೂ ಕೋಶವು ತಾನಾಗಿ ಚಾರ್ಜ್ ಕಳೆದುಕೊಳ್ಳುತ್ತದೆ. ಜೋಳದ ಕಣಿಕೆಯಲ್ಲಿ ಸಿಲಿಕಾ ಹೆಚ್ಚು. ಮೇಲಾಗಿ ಅದು ದನಗಳ ಮೇವು, ಅದನ್ನು ಸುಡುವ ಮಾತನ್ನೇ ಆಡಬಾರದು. ದ್ರಾಕ್ಷಿ ಕಡ್ಡಿಯ ಮೇಲೆ ಮೈಲುತುತ್ತ ಸಿಂಪಡಿಸಿದ ತಾಮ್ರ ಉಳಿದಿರುತ್ತದೆ. ತೊಗರಿ ಕಟ್ಟಿಗೆ ಮತ್ತು ಜಾಲಿ ಇವೆರಡಕ್ಕಿಂತ ಮೇಲು. ಆದರೂ ಸ್ಪರ್ಧಿಸಬೇಕಾದುದು ತೆಂಗಿನ ಚಿಪ್ಪಿನೊಂದಿಗೆ ಎಂಬುದನ್ನು ಮರೆಯಲಾಗದು. ಜಪಾನಿನ ಕುರಾರೆ ಕಂಪನಿಯ ಹೆಸರಾಂತ ಕೆಪಾಸಿಟರ್ ಇಂಗಾಲವು ಚಿಪ್ಪಿನಿಂದಲೇ ತಯಾರಾಗುತ್ತದೆ. ಚಿಪ್ಪು ತಿಪಟೂರು, ಅರಸೀಕೆರೆ ಕಡೆ ಧಾರಾಳವಾಗಿದೆ.

ತಯಾರಿಕೆಯ ಖರ್ಚನ್ನೂ ನೋಡೋಣ. ಕಟ್ಟಿಗೆಯ ತೂಕದ ಸುಮಾರು ಕಾಲು ಭಾಗ ಇದ್ದಿಲಾಗುತ್ತದೆ. ರಂಧ್ರ ತೆರೆಯುವಾಗ ಅದರಲ್ಲಿಯೂ ದೊಡ್ಡ ಪಾಲು ಉರಿದು ಹೋಗುತ್ತದೆ. ಪ್ರಯೋಗಾಲಯದ ವಿಧಾನದಲ್ಲಿ ಇದ್ದಿಲಿನ ತೂಕದ ಎರಡರಿಂದ ನಾಲ್ಕು ಪಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸಿ 700ರಿಂದ 800 ಡಿಗ್ರಿಯಲ್ಲಿ ಕಾಯಿಸುತ್ತಾರೆ. ಉಷ್ಣತೆ ಇನ್ನೂ ಏರಿಸಿದರೆ ಸೇರಿಸಿದ ಸಾರಜನಕವೇ ಹಾರಿಹೋಗುತ್ತದೆ. ಬಳಿಕ ಆಮ್ಲದಿಂದಲೂ ಶುದ್ಧ ನೀರಿನಿಂದಲೂ ಪದೇಪದೇ ತೊಳೆಯಬೇಕು. ಡೋಣಿಯ ಉಪ್ಪು ನೀರು ಇದಕ್ಕೆ ಒದಗದು. ಶುದ್ಧೀಕರಣ ಯಂತ್ರದ ಖರ್ಚೂ ತೊಳೆದ ನೀರಿನ ವಿಲೇವಾರಿಯೂ ಲೆಕ್ಕದಲ್ಲಿರಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಅನಿವಾರ್ಯ.

ಇನ್ನೊಂದು ಎಚ್ಚರಿಕೆ. ಸಾರಜನಕಕ್ಕಾಗಿ ಯೂರಿಯಾ ಅಗ್ಗವೆಂದು ಸೊಸೈಟಿಯ ಚೀಲವನ್ನು ಕಾರ್ಖಾನೆಗೆ ತರುವಂತಿಲ್ಲ. ಸಬ್ಸಿಡಿಯ ಬೇವು ಲೇಪಿತ ಯೂರಿಯಾವನ್ನು ಉದ್ಯಮಕ್ಕೆ ಬಳಸುವುದು 1985ರ ರಸಗೊಬ್ಬರ ನಿಯಂತ್ರಣ ಆದೇಶದಂತೆ ಅಪರಾಧ. ಕೈಗಾರಿಕಾ ದರ್ಜೆಯ ಯೂರಿಯಾ ಬೆಲೆಯನ್ನೇ ಹಿಡಿದು ಲೆಕ್ಕ ಹಾಕಬೇಕು. ಕಾಯಿಸುವಾಗ ಹೊರಡುವ ಅಮೋನಿಯಾ ಅನಿಲವನ್ನು ಹೀರುವ ವ್ಯವಸ್ಥೆಯೂ ಬೇಕು. ಪ್ರೋಟೀನು ತುಂಬಿದ ಎಣ್ಣೆಬೀಜದ ಹಿಂಡಿಯಿಂದಲೂ ಸಾರಜನಕ ದೊರೆಯುತ್ತದೆ, ಆದರೆ ಪಶು ಆಹಾರವಾಗಿಯೇ ಅದಕ್ಕೆ ಒಳ್ಳೆಯ ದರವಿದೆ.

ಕೊಳ್ಳುವವರು ಯಾರು? ಕೇರಳದ ಕಣ್ಣೂರಿನಲ್ಲಿ ಕೆಲ್ಟ್ರಾನ್ ಸಂಸ್ಥೆಯ ಸೂಪರ್ ಕೆಪಾಸಿಟರ್ ಘಟಕ ಇಸ್ರೋ ತಂತ್ರಜ್ಞಾನದ ನೆರವಿನಿಂದ 2024ರಲ್ಲಿ ಉದ್ಘಾಟನೆಯಾಯಿತು. ಖರೀದಿದಾರರ ಪಟ್ಟಿ ಇನ್ನೂ ಚಿಕ್ಕದು. ಆದುದರಿಂದ ನೀರು ಶುದ್ಧೀಕರಣಕ್ಕೂ ಎಣ್ಣೆಯ ಬಣ್ಣ ತೆಗೆಯುವುದಕ್ಕೂ ಬಳಸುವ ಸಾದಾ ಸಕ್ರಿಯ ಇದ್ದಿಲನ್ನು ಹಬೆಯ ವಿಧಾನದಿಂದ ಮೊದಲು ತಯಾರಿಸಿ, ಕುಲುಮೆ ಪಳಗಿದ ಮೇಲೆ ಈ ಕಡೆ ತಿರುಗುವುದು ನಮ್ಮ ಭಾಗಕ್ಕೆ ಹೊಂದುವ ಕ್ರಮವೆಂದು ತೋರುತ್ತದೆ. ಆ ಹಂತದಲ್ಲಿ ಒಂದು ಮಾದರಿಯನ್ನಲ್ಲ, ಬೇರೆ ಬೇರೆ ದಿನ ಸುಟ್ಟ ಐದು ಮಾದರಿಗಳನ್ನು ಪರೀಕ್ಷೆಗೆ ಕಳುಹಿಸಬೇಕು. ಐದರ ಬೂದಿ, ಮೇಲ್ಮೈ ವಿಸ್ತೀರ್ಣ ಹಾಗೂ 2.7 ವೋಲ್ಟಿನ ಧಾರಣಶಕ್ತಿ ಒಂದಕ್ಕೊಂದು ಹತ್ತಿರವಿದ್ದರೆ ಮಾತ್ರ ಖರೀದಿದಾರರೊಡನೆ ದರದ ಮಾತಿಗೆ ಕೂರಬಹುದು.