ಕಾರಿನ ಮೈಮೇಲಿನ ಹಠಮಾರಿ ಕಲೆ: ತಿಕ್ಕಬೇಡಿ, ನೆನೆಸಿ

ಚೆನ್ನಾಗಿ ತೊಳೆದು ಒರೆಸಿದ ಮೇಲೂ ಕೆಲವು ಕಲೆಗಳು ಕಾರನ್ನು ಬಿಡುವುದಿಲ್ಲ. ಬಾಗಿಲ ಕೆಳಗೆ ಡಾಂಬರಿನ ಚುಕ್ಕಿ, ಬಾನೆಟ್ ಮೇಲೆ ಉಪ್ಪುನೀರಿನ ಬಿಳಿ ಉಂಗುರ, ಮೇಲ್ಛಾವಣಿಯಲ್ಲಿ ಒಣಗಿ ಕೂತ ಹಕ್ಕಿ ಹಿಕ್ಕೆ. ಷಾಂಪೂವಿಗೆ ಜಗ್ಗದಿದ್ದಾಗ ಎಷ್ಟೋ ಜನ ಪಾತ್ರೆ ತಿಕ್ಕುವ ನಾರು, ಬ್ಲೇಡು, ಥಿನ್ನರ್ ಹಿಡಿಯುತ್ತಾರೆ. ಕಲೆಯ ಜೊತೆಗೆ ಹೊಳಪೂ ಹೋಗುತ್ತದೆ.

ಇಂದಿನ ಹೆಚ್ಚಿನ ಕಾರುಗಳಲ್ಲಿ ಬಣ್ಣದ ಮೇಲೊಂದು ಪಾರದರ್ಶಕ ಪದರವಿರುತ್ತದೆ. ಹೆಸರು ಕ್ಲಿಯರ್ ಕೋಟ್. ಸಾಮಾನ್ಯವಾಗಿ ಇದರ ದಪ್ಪ ಸುಮಾರು 35ರಿಂದ 50 ಮೈಕ್ರಾನ್. ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ ಅಥವಾ ಅದಕ್ಕೂ ಕಡಿಮೆ. ಹೊಳಪು ಕೊಡುವುದು, ಬಿಸಿಲಿನಿಂದ ಬಣ್ಣವನ್ನು ಕಾಯುವುದು ಇದೇ. ಒಮ್ಮೆ ಸವೆದರೆ ಮತ್ತೆ ಬರುವುದಿಲ್ಲ. ಆದ್ದರಿಂದ ಕಲೆಯನ್ನು ದ್ರವ ಕರಗಿಸಬೇಕು, ಕೈಬಲ ಅಲ್ಲ. ಸೌಮ್ಯವಾದ ವಿಧಾನದಿಂದ ಶುರುಮಾಡಿ, ಅದು ಸಾಲದಿದ್ದರೆ ಮಾತ್ರ ಮುಂದಿನದಕ್ಕೆ ಹೋಗಿ.

ಬೇಕಾಗುವ ಸಾಮಗ್ರಿ

ಎರಡು ಬಕೆಟ್, ಕಾರ್ ಷಾಂಪೂ, ನಾಲ್ಕೈದು ಮೈಕ್ರೋಫೈಬರ್ ಬಟ್ಟೆ, ಬಿಳಿ ವಿನೆಗರ್, ತೆಂಗಿನೆಣ್ಣೆ, ಟಾರ್ ರಿಮೂವರ್, ಐರನ್ ರಿಮೂವರ್, ನಯವಾದ ಕ್ಲೇ ಬಾರ್, ವ್ಯಾಕ್ಸ್, ರಬ್ಬರ್ ಕೈಗವಸು. ಎಲ್ಲವನ್ನೂ ಒಟ್ಟಿಗೆ ಕೊಳ್ಳಬೇಕಿಲ್ಲ. ನಿಮ್ಮ ಕಾರಿನ ಮೇಲಿರುವ ಕಲೆಗೆ ಬೇಕಾದದ್ದು ಸಾಕು.

ಹಂತ 1: ನೆರಳು ಹುಡುಕಿ, ತೊಳೆಯಿರಿ

ಬಾನೆಟ್ ಮುಟ್ಟಿದರೆ ತಣ್ಣಗಿರಬೇಕು. ಬಿಸಿ ಲೋಹದ ಮೇಲೆ ಯಾವ ದ್ರಾವಣವೂ ಬೇಗ ಒಣಗಿ ಇನ್ನೊಂದು ಕಲೆಯಾಗುತ್ತದೆ. ಮೊದಲು ಬರೀ ನೀರು ಹಾಯಿಸಿ ಮಣ್ಣು, ಮರಳು ಇಳಿಸಿ. ಬಳ್ಳಾರಿ, ಸಂಡೂರಿನ ಅದಿರು ರಸ್ತೆಗಳಲ್ಲಿ ಓಡಾಡಿದ ಕಾರಿಗೆ ಇದು ಇನ್ನೂ ಮುಖ್ಯ. ಆ ಕೆಂಪು ದೂಳು ಒಣಗಿರುವಾಗ ಬಟ್ಟೆಯಿಂದ ಒರೆಸಿದರೆ ಮರಳುಕಾಗದದಿಂದ ಉಜ್ಜಿದಂತೆಯೇ.

ಒಂದು ಬಕೆಟ್‌ನಲ್ಲಿ ಷಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು ಇಡಿ. ಬಟ್ಟೆಯನ್ನು ಪ್ರತಿ ಸಲವೂ ಬರೀ ನೀರಿನಲ್ಲಿ ಹಿಂಡಿ, ಆಮೇಲೆ ಷಾಂಪೂವಿಗೆ ಅದ್ದಿ. ಮೇಲಿನಿಂದ ಕೆಳಕ್ಕೆ ಬನ್ನಿ. ಚಕ್ರಕ್ಕೆ ಬೇರೆ ಬಟ್ಟೆ ಇರಲಿ. ಬೆಂಗಳೂರು ಜಲಮಂಡಳಿ 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ, 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಮಳೆನೀರು ಹಿಡಿದಿಟ್ಟಿದ್ದರೆ ಅದನ್ನೇ ಬಳಸಿ. ಅದರಲ್ಲಿ ಲವಣ ಕಡಿಮೆ, ಉಂಗುರ ಬೀಳುವುದಿಲ್ಲ.

ಹಂತ 2: ಏನು ಅಂಟಿದೆ, ಗುರುತಿಸಿ

ತೊಳೆದ ಮೇಲೆ ಕೈಗೆ ತೆಳುವಾದ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಣ್ಣದ ಮೇಲೆ ಹಗುರವಾಗಿ ಆಡಿಸಿ. ಬರಿಗೈಗೆ ತಿಳಿಯದ ತರಿಯೂ ಆಗ ತಿಳಿಯುತ್ತದೆ. ಎಲ್ಲೆಲ್ಲಿ ತರಿತರಿ ಎನಿಸಿತು ಎಂದು ನೆನಪಿಟ್ಟುಕೊಳ್ಳಿ.

ಹಂತ 3: ಕಲೆಗೆ ತಕ್ಕ ಮದ್ದು

*ಹಕ್ಕಿ ಹಿಕ್ಕೆ:* ಎಲ್ಲಕ್ಕಿಂತ ತುರ್ತಿನದು ಇದು. ಬಿಸಿಲಿಗೆ ಕ್ಲಿಯರ್ ಕೋಟ್ ಮೆದುವಾಗಿ ಹಿಗ್ಗುತ್ತದೆ. ಸಂಜೆ ತಣಿದಾಗ ಒಣಗಿದ ಹಿಕ್ಕೆಯ ಸುತ್ತ ಬಿಗಿದುಕೊಳ್ಳುತ್ತದೆ. ಅದರ ಆಮ್ಲವೂ ಸೇರಿ ಅಚ್ಚು ಬೀಳುತ್ತದೆ. ಒದ್ದೆ ಬಟ್ಟೆಯನ್ನು ಹಿಕ್ಕೆಯ ಮೇಲೆ ಐದರಿಂದ ಹತ್ತು ನಿಮಿಷ ಹಾಸಿ, ಮೆತ್ತಗಾದ ಮೇಲೆ ಮೇಲಕ್ಕೆತ್ತಿ ತೆಗೆಯಿರಿ. ಅದರಲ್ಲಿ ಕಾಳು, ಮರಳು ಇರುತ್ತದಾದ್ದರಿಂದ ಎಳೆದು ಒರೆಸಬೇಡಿ.

*ಮರದ ಅಂಟು:* ಮಾವು ಹೂ ಬಿಡುವ ಕಾಲದಲ್ಲಿ ಕೆಳಗೆ ನಿಂತ ಕಾರಿನ ಮೇಲೆ ಬೀಳುವ ಜಿಗುಟು ಮರದ್ದಲ್ಲ, ಜಿಗಿಹುಳು ಸುರಿಸುವ ಸಿಹಿದ್ರವ. ಸಕ್ಕರೆಯಂಶವಿರುವುದರಿಂದ ಉಗುರುಬೆಚ್ಚಗಿನ ಷಾಂಪೂ ನೀರಿಗೆ ಕರಗುತ್ತದೆ. ಹಲಸಿನ ಮೇಣ ಹಾಗಲ್ಲ, ನೀರಿಗೆ ಬಗ್ಗುವುದಿಲ್ಲ. ಹಲಸು ಹೆಚ್ಚುವವರು ಕೈಗೆ, ಕತ್ತಿಗೆ ಎಣ್ಣೆ ಸವರಿಕೊಳ್ಳುವ ಉಪಾಯ ಇಲ್ಲಿಯೂ ನಡೆಯುತ್ತದೆ. ತೆಂಗಿನೆಣ್ಣೆ ಹಚ್ಚಿ ಕೆಲವು ನಿಮಿಷ ಬಿಟ್ಟು, ಬಟ್ಟೆಯಿಂದ ಎತ್ತಿ, ಷಾಂಪೂವಿನಿಂದ ಜಿಡ್ಡು ತೊಳೆಯಿರಿ.

*ಡಾಂಬರು:* ಹೊಸದಾಗಿ ಡಾಂಬರು ಹಾಕಿದ ರಸ್ತೆಯಲ್ಲಿ ಹೋದರೆ ಚಕ್ರದ ಹಿಂದೆ ಕಪ್ಪು ಚುಕ್ಕಿ ಬೀಳುತ್ತದೆ. ಟಾರ್ ರಿಮೂವರ್ ಅನ್ನು ಬಟ್ಟೆಗೆ ಹಾಕಿ ಚುಕ್ಕಿಯ ಮೇಲೆ ಅರ್ಧ ನಿಮಿಷ ಒತ್ತಿಡಿ. ಕಪ್ಪು ಕರಗಿ ಬಟ್ಟೆಗೆ ಬರುತ್ತದೆ. ಬಟ್ಟೆಯ ಮಗ್ಗುಲು ಬದಲಿಸುತ್ತಿರಿ, ಕೊನೆಗೆ ಷಾಂಪೂವಿನಿಂದ ತೊಳೆಯಿರಿ. ಇದು ಬೆಂಕಿ ಹೊತ್ತಿಕೊಳ್ಳುವ ದ್ರಾವಕ. ಹತ್ತಿರ ಬೀಡಿ, ಸಿಗರೇಟು ಬೇಡ.

*ಉಪ್ಪುನೀರಿನ ಉಂಗುರ:* ಬೋರ್‌ವೆಲ್ ನೀರು ಆರಿದಾಗ ಉಳಿಯುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳೇ ಈ ಬಿಳಿ ಕಲೆ. ವಿನೆಗರ್ ಮತ್ತು ನೀರನ್ನು ಸಮಪ್ರಮಾಣದಲ್ಲಿ ಬೆರೆಸಿ, ಬಟ್ಟೆ ಅದ್ದಿ ಒಂದೆರಡು ನಿಮಿಷ ಇಟ್ಟು, ಧಾರಾಳವಾಗಿ ತೊಳೆದು ತಕ್ಷಣ ಒರೆಸಿ.

*ಸಿಮೆಂಟ್ ಹನಿ:* ಹಸಿಯಿದ್ದರೆ ಆಗಲೇ ನೀರು ಸುರಿಯಿರಿ. ಗಟ್ಟಿಯಾಗಿದ್ದರೆ ಇದೇ ವಿನೆಗರ್ ನೀರಿನ ಬಟ್ಟೆಯನ್ನು ಹತ್ತು ನಿಮಿಷ ಹಾಸಿ. ತಾನಾಗಿ ಉದುರುವವರೆಗೆ ಮರುಕಳಿಸಿ. ಉಗುರಿನಿಂದ ಕೀಳಬೇಡಿ.

*ಕಬ್ಬಿಣದ ಕಣ:* ಬ್ರೇಕ್ ಪುಡಿ, ರೈಲು ಹಳಿ, ವೆಲ್ಡಿಂಗ್ ನಡೆಯುವ ಕಾಮಗಾರಿಯಿಂದ ಹಾರಿ ಬರುವ ಕಣಗಳು ಬಣ್ಣಕ್ಕೆ ಚುಚ್ಚಿಕೊಂಡು ತುಕ್ಕು ಹಿಡಿಯುತ್ತವೆ. ಬಿಳಿ ಕಾರಿನಲ್ಲಿ ಕಿತ್ತಳೆ ಚುಕ್ಕಿಗಳಾಗಿ ಕಾಣುತ್ತವೆ. ಐರನ್ ರಿಮೂವರ್ ಸಿಂಪಡಿಸಿದರೆ ಕಬ್ಬಿಣದೊಡನೆ ಬೆರೆತು ನೇರಳೆ ಬಣ್ಣಕ್ಕೆ ತಿರುಗಿ ಇಳಿಯುತ್ತದೆ. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಒಣಗುವ ಮೊದಲೇ ತೊಳೆಯಿರಿ. ವಾಸನೆ ಕಟು, ಕೈಗವಸು ಹಾಕಿಕೊಂಡು ಗಾಳಿಯಾಡುವ ಜಾಗದಲ್ಲಿ ಮಾಡಿ.

ಹಂತ 4: ಇನ್ನೂ ತರಿ ಇದ್ದರೆ ಕ್ಲೇ

ಇಷ್ಟಾದ ಮೇಲೂ ಕವರ್ ಹಾಕಿದ ಕೈಗೆ ತರಿ ಸಿಕ್ಕರೆ ಮಾತ್ರ ಕ್ಲೇ ಬಳಸಿ. ಸಣ್ಣ ತುಂಡನ್ನು ನಾದಿ ಚಪ್ಪಟೆ ಮಾಡಿ. ಒಂದೆರಡು ಅಡಿ ಜಾಗಕ್ಕೆ ಷಾಂಪೂ ನೀರು ಚೆನ್ನಾಗಿ ಸಿಂಪಡಿಸಿ, ಒತ್ತದೆ ನೇರ ಗೆರೆಯಲ್ಲಿ ಜಾರಿಸಿ. ಮೊದಲು ಅಲ್ಲಲ್ಲಿ ತಡೆಯುವ ಕ್ಲೇ, ಜಾಗ ಶುದ್ಧವಾದಂತೆ ಸಲೀಸಾಗಿ ಜಾರುತ್ತದೆ. ಕೊಳೆಯಾದ ಮುಖವನ್ನು ಆಗಾಗ ಒಳಕ್ಕೆ ಮಡಚಿ. ನೆಲಕ್ಕೆ ಬಿದ್ದ ಕ್ಲೇಯನ್ನು ಎಸೆದುಬಿಡಿ. ಅಂಟಿದ ಒಂದು ಮರಳಿನ ಕಣ ಬಾನೆಟ್ ಪೂರ್ತಿ ಗೀರು ಎಳೆಯಬಲ್ಲದು. ಕಪ್ಪು, ಕಡುನೀಲಿ ಕಾರುಗಳಲ್ಲಿ ಕ್ಲೇ ಬಿಡುವ ನವಿರು ಗೀರು ಎದ್ದು ಕಾಣುತ್ತದೆ; ಅವಕ್ಕೆ ಆಮೇಲೆ ಹಗುರವಾದ ಪಾಲಿಶ್ ಬೇಕಾದೀತು. ವರ್ಷಕ್ಕೆ ಒಂದೆರಡು ಸಲಕ್ಕಿಂತ ಹೆಚ್ಚು ಕ್ಲೇ ಬೇಡ.

ಹಂತ 5: ಕಾವಲು ಹಾಕಿ

ದ್ರಾವಕ, ಕ್ಲೇ ಎರಡೂ ಹಳೆಯ ವ್ಯಾಕ್ಸನ್ನು ತೆಗೆದುಬಿಡುತ್ತವೆ. ಕಾರು ಪೂರ್ತಿ ಆರಿದ ಮೇಲೆ ವ್ಯಾಕ್ಸ್ ಅಥವಾ ಸೀಲೆಂಟ್ ತೆಳುವಾಗಿ ಹಚ್ಚಿ. ನೀರು ಹನಿಹನಿಯಾಗಿ ಉರುಳುತ್ತಿದ್ದರೆ ಪದರ ಇದೆ ಎಂದು ತಿಳಿಯಿರಿ. ಹರಡಿ ನಿಂತರೆ ಮತ್ತೆ ಹಚ್ಚಿ.

ಇವನ್ನು ಮಾಡಲೇಬೇಡಿ

- ಥಿನ್ನರ್, ಪೆಟ್ರೋಲ್, ಟೈಲ್ಸ್ ತೊಳೆಯುವ ಆಸಿಡ್ ಸೋಕಿಸಬೇಡಿ. ಗ್ಯಾರೇಜಿನಲ್ಲಿ ಮರುಬಣ್ಣ ಬಳಿಸಿದ ಭಾಗವನ್ನಂತೂ ಥಿನ್ನರ್ ಕರಗಿಸಿಯೇಬಿಡಬಹುದು.
- ಸ್ಟೀಲ್ ನಾರು, ತೆಂಗಿನ ನಾರು, ಸ್ಪಂಜಿನ ಹಸಿರು ಮಗ್ಗುಲು ಬೇಡ.
- ಮ್ಯಾಟ್ ಬಣ್ಣದ ಕಾರಿಗೆ ಕ್ಲೇ, ಪಾಲಿಶ್ ಬೇಡ. ಅಲ್ಲಲ್ಲಿ ಹೊಳಪು ಬಂದು ಅಂದಗೆಡುತ್ತದೆ.
- ಯಾವುದೇ ಹೊಸ ದ್ರಾವಣವನ್ನು ಬಾಗಿಲ ಕೆಳತುದಿಯಂಥ ಕಾಣದ ಜಾಗದಲ್ಲಿ ಪರೀಕ್ಷಿಸದೆ ಹಚ್ಚಬೇಡಿ.

ಯಾವಾಗ ನಿಲ್ಲಿಸಬೇಕು?

ಕಲೆ ಹೋದರೂ ಅದರ ಆಕಾರ ಉಳಿದಿದ್ದರೆ, ಅಲ್ಲಿ ಕ್ಲಿಯರ್ ಕೋಟೇ ಕೊರೆದುಹೋಗಿದೆ ಎಂದರ್ಥ. ಯಾವ ದ್ರಾವಣವೂ ಅದನ್ನು ಅಳಿಸದು, ಪಾಲಿಶ್ ಮಾಡಬೇಕಾಗುತ್ತದೆ. ಬಣ್ಣದ ದಪ್ಪ ಅಳೆಯುವ ಮಾಪಕ ಇಟ್ಟುಕೊಂಡಿರುವ ಡೀಟೇಲಿಂಗ್ ಅಂಗಡಿಗೇ ಹೋಗಿ, ಅಳೆದ ಮೇಲೆಯೇ ಯಂತ್ರ ಹಚ್ಚಲು ಹೇಳಿ.

ಆ ಖರ್ಚು ಬಾರದಿರಬೇಕಾದರೆ ಡಿಕ್ಕಿಯಲ್ಲಿ ಒಂದು ಬಾಟಲಿ ನೀರು, ಎರಡು ಮೈಕ್ರೋಫೈಬರ್ ಬಟ್ಟೆ ಇಟ್ಟುಕೊಳ್ಳಿ. ಹಿಕ್ಕೆಯಾಗಲಿ, ಅಂಟಾಗಲಿ ಬಿದ್ದ ದಿನವೇ ನೆನೆಸಿ ತೆಗೆದರೆ ಮೇಲಿನ ಹಂತಗಳಲ್ಲಿ ಹೆಚ್ಚಿನವು ಬೇಕಾಗುವುದೇ ಇಲ್ಲ.